ಮೇಲಣ ಗಾಳಿಯನ್ನು ಅಳೆಯುವುದೆಂತು?

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ಮರಗಳನ್ನು ಬಾಗಿಸುವ ಗಾಳಿಗೂ ತೂಕವುಂಟು. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. 100 ಕಿಲೋಮೀಟರ್ ಮೇಲೆ ಅದು ಸುಮಾರು 20 ಲಕ್ಷದಲ್ಲಿ ಒಂದು ಪಾಲು ಮಾತ್ರ. ಇಷ್ಟು ತೆಳುವಾದುದನ್ನು ಅಳೆಯುವುದು ಹೇಗೆ? ಅಳೆದು ಪ್ರಯೋಜನವೇನು?

ಬಲೂನುಗಳು ಅಷ್ಟು ಎತ್ತರಕ್ಕೆ ಏರಲಾರವು. ಉಪಗ್ರಹಗಳು ಅಷ್ಟು ಕೆಳಗೆ ನಿಲ್ಲಲಾರವು. ನಡುವಣ ಪದರಕ್ಕೆ ರಾಕೆಟ್ಟೇ ಗತಿ. ಕೇರಳದ ತುಂಬಾದಿಂದ 1963ರ ನವೆಂಬರ್ 21ರಂದು ಹಾರಿದ ರಾಕೆಟ್ಟು ಸೋಡಿಯಂ ಆವಿಯನ್ನು ಚೆಲ್ಲಿ ಮೇಲಣ ಗಾಳಿಯ ಚಲನೆಯನ್ನು ತೋರಿಸಿತು. ಸಾಂದ್ರತೆಯನ್ನು ತಿಳಿಯಲು ಬೇರೊಂದು ಉಪಾಯವಿದೆ. ರಾಕೆಟ್ಟಿನಿಂದ ಹಗುರವಾದ ಗೋಳವೊಂದನ್ನು ಹೊರಬಿಟ್ಟು, ಅದು ಬೀಳುವ ವೇಗವನ್ನು ರೇಡಾರಿನಿಂದ ಗಮನಿಸುತ್ತಾರೆ. ಗೋಳದ ತೂಕ, ಗಾತ್ರಗಳು ಮೊದಲೇ ಗೊತ್ತು. ಗಾಳಿ ಅದನ್ನು ಎಷ್ಟು ತಡೆಯಿತೆಂಬುದರಿಂದ ಸಾಂದ್ರತೆ ಲೆಕ್ಕಕ್ಕೆ ಸಿಗುತ್ತದೆ.

ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ 'ಆರ್ಯಭಟ' 1975ರಲ್ಲಿ ಸುಮಾರು 600 ಕಿಲೋಮೀಟರ್ ಎತ್ತರವನ್ನು ಸೇರಿತು. ಅಲ್ಲಿಯ ಗಾಳಿ ಇಲ್ಲವೆನ್ನುವಷ್ಟು ತೆಳು. ಆದರೂ ಅದರ ತಡೆಯೇ ಉಪಗ್ರಹವನ್ನು ಮೆಲ್ಲಮೆಲ್ಲನೆ ಇಳಿಸಿ 1992ರಲ್ಲಿ ಕೆಡವಿತು. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಣ ಗಾಳಿ ಕಾದು ಹಿಗ್ಗುತ್ತದೆ. ಆಗ ತಡೆಯೂ ಹೆಚ್ಚು. ಈ ಅಳತೆಯಿಲ್ಲದೆ ಉಪಗ್ರಹದ ಆಯುಷ್ಯವನ್ನು ಹೇಳಲಾಗದು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೂ ಇದು ಮುಖ್ಯವೆಂದು ತೋರುತ್ತದೆ. ಹವಾಮಾನದ ಸುದ್ದಿಯನ್ನು ನಮ್ಮ ಮಲೆನಾಡಿಗೆ ತರುವವೂ ಉಪಗ್ರಹಗಳೇ ಅಲ್ಲವೇ?