ಡಬ್ಬಿ ಮ್ಯಾಲಿನ ವ್ಯಾಟ್ ನಂಬಿ ಕೆಟ್ಟೀರಿ!

ಚಚಡಿ: ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಸಾಕು, ನಮ್ಮ ಭಾಗದ ಹುಡುಗರು ಬೈಲಹೊಂಗಲದ ಬಸ್ಸು ಹತ್ತುತ್ತಾರೆ. ಹಿಂದೆ ರೇಡಿಯೋ ತಂದರು, ಆಮೇಲೆ ಟೇಪು ತಂದರು. ಈಗ ಟೀವಿ ಮಗ್ಗುಲಿಗೆ ಬೇಸ್ ಡಬ್ಬಿ, ಅಂದರೆ ಸಬ್‌ವೂಫರ್ ಬೇಕು.

"ಎಷ್ಟ ವ್ಯಾಟ್ ಐತ್ರಿ ಇದು?"

"ಐದು ಸಾವಿರ ನೋಡ್ರಿ. ಹಚ್ಚಿದ್ರ ಗ್ವಾಡಿ ನಡಗಬೇಕು!"

ವ್ಯಾಪಾರ ಇಷ್ಟಕ್ಕೇ ಮುಗಿಯುತ್ತದೆ. ಗಿರಾಕಿ ಮೋಸಹೋಗುವುದೂ ಇಲ್ಲಿಯೇ.

ಓದುಗರು ಒಂದು ಮಾತು ಗಮನಿಸಬೇಕು. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಬರೆದ ಪಿ.ಎಂ.ಪಿ.ಓ. ಎಂಬ ಲೆಕ್ಕಕ್ಕೆ ಬುಡವೂ ಇಲ್ಲ, ತುದಿಯೂ ಇಲ್ಲ. ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್. ಅದು ಕಾಣದಿದ್ದರೆ ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿರಿ. 12 ವೋಲ್ಟ್, 3 ಆಂಪಿಯರ್ ಎಂದಿದ್ದರೆ ಗುಣಿಸಿರಿ: ಒಳಗೆ ಹೋಗುವುದೇ 36 ವ್ಯಾಟ್. ಹತ್ತು ಸೇರು ಜೋಳ ಹಾಕಿದ ಬೀಸುಕಲ್ಲಿನಿಂದ ಸಾವಿರ ಸೇರು ಹಿಟ್ಟು ಬಂದೀತೇ?

ಇನ್ನೊಂದು ಗುಟ್ಟು. ವ್ಯಾಟ್ ಇಮ್ಮಡಿಯಾದರೆ ಸಪ್ಪಳ ಇಮ್ಮಡಿಯಾಗುವುದಿಲ್ಲ, ಬರೇ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ 50 ವ್ಯಾಟ್ ಬಿಟ್ಟು 60ಕ್ಕೆ ಹೆಚ್ಚಿನ ರೊಕ್ಕ ಸುರಿಯುವುದು ದಂಡ.

ಮನುಷ್ಯನ ಕಿವಿ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗೆ. ಸಬ್‌ವೂಫರಿನ ಕೆಲಸ ಅದರ ಬುಡದ ತುಣುಕು ಮಾತ್ರ, ಹೆಚ್ಚಾಗಿ 100 ಹರ್ಟ್ಸ್‌ನ ಕೆಳಗಿನದು. ಹಾಡುಗಾರನ ಮಾತು ಅಲ್ಲಿಂದ ಬರಬಾರದು. ಬಂದರೆ ಡಬ್ಬಿ ಹಗುರದ್ದೆಂದೇ ತಿಳಿಯಿರಿ, ಇಲ್ಲವೇ ಜೋಡಣೆ ಸರಿಯಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಅಂಗಡಿಯವರು ಹಚ್ಚುವ ಸಿನಿಮಾ ಗದ್ದಲಕ್ಕೆ ಮರುಳಾಗಬೇಡಿರಿ. ನಿಮಗೆ ಬಾಯಿಪಾಠವಾದ ಹಾಡೊಂದನ್ನು ಹಚ್ಚಿಸಿರಿ. ಭಜನೆಯಾದರೆ ಇನ್ನೂ ಒಳ್ಳೆಯದು. ತಬಲಾದ ಡಗ್ಗಾ ಪೆಟ್ಟು ಪೆಟ್ಟಾಗಿ ಬಿಡಿಸಿ ಕೇಳಬೇಕು. ಎಲ್ಲಾ ಕಲಸಿ ಬರೇ 'ಗುಂಯ್' ಅಂದರೆ ಕೈಮುಗಿದು ಹೊರಬೀಳಿರಿ. ಡಬ್ಬಿಯನ್ನು ಬೆರಳಗೆಣ್ಣಿನಿಂದ ಬಡಿದು ನೋಡಿರಿ. ಗಟ್ಟಿ ಕಟ್ಟಿಗೆ ಹಲಗೆಯದು ಮೊಂಡಾಗಿ ಸಪ್ಪಳ ಮಾಡುತ್ತದೆ, ತೆಳು ಪ್ಲಾಸ್ಟಿಕ್ಕು ತಾನೇ ಗಿಣಿಗುಡುತ್ತದೆ. ಎತ್ತಿಯೂ ನೋಡಿರಿ. ಭಾರವಿದ್ದದ್ದು ಬಹುತೇಕ ಒಳ್ಳೆಯದು.

ನಮ್ಮ ಹತ್ತು-ಹನ್ನೆರಡು ಫೂಟಿನ ಕೋಲಿಗೆ ಎಂಟು ಇಂಚಿನ ವೂಫರ್ ಸಾಕು. ಪಡಸಾಲಿ ದೊಡ್ಡದಿದ್ದರೆ ಹತ್ತು ಇಂಚು. ಮೂಲೆಗೆ ಇಟ್ಟರೆ ಬೇಸ್ ಪುಕ್ಕಟೆ ಹೆಚ್ಚುತ್ತದೆ. ಅತಿಯಾಯಿತೆನಿಸಿದರೆ ಗ್ವಾಡಿಯಿಂದ ಎರಡು ಮೊಳ ಸರಿಸಿರಿ. ಮ್ಯಾಲೆ ತಗಡಿನ ಮಾಡಿದ್ದವರಿಗಂತೂ ದೊಡ್ಡ ಡಬ್ಬಿ ಬೇಡವೇ ಬೇಡ. ಹಾಡಿಗಿಂತ ತಗಡೇ ಹೆಚ್ಚು ಹಾಡುತ್ತದೆ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಹತ್ತಿ ಮಾರಿದ ರೊಕ್ಕದಲ್ಲಿ ಅಗ್ಗದ್ದೊಂದು ಡಬ್ಬಿ ತಂದರು. ನಾಲ್ಕು ತಿಂಗಳಿಗೆ ಕಾಯಿಲ್ ಸುಟ್ಟಿತು. ಹೊತ್ತುಕೊಂಡು ಹೋದರೆ, "ಬಿಲ್ ಎಲ್ಲಿ ಐತ್ರಿ?" ಎಂಬ ಪ್ರಶ್ನೆ. ಜಿ.ಎಸ್.ಟಿ. ಉಳಿಸಲು ಹೋಗಿ ಬಿಲ್ಲೇ ಬರೆಸಿರಲಿಲ್ಲ! ಬಿಲ್ಲಿದ್ದರೆ ಗ್ಯಾರಂಟಿ ಕೇಳಬಹುದು, ಅದೂ ನಡೆಯದಿದ್ದರೆ ಗ್ರಾಹಕರ ಆಯೋಗದ ಬಾಗಿಲು ಬಡಿಯಬಹುದು. ರಿಪೇರಿಗೆ ಬಿಡಿಭಾಗ ಹತ್ತಿರದಲ್ಲೇ ಸಿಗುತ್ತವೆಯೇ ಎಂಬುದನ್ನೂ ಕೊಳ್ಳುವ ಮುಂಚೆಯೇ ವಿಚಾರಿಸಿರಿ. ಎರಡು ವರ್ಷ ಹೆಚ್ಚು ಬಾಳುವುದೇ ನಿಜವಾದ ಅಗ್ಗ.

ಕೊನೆಯದಾಗಿ ಒಂದು ಮಾತು. ನಮ್ಮ ಓಣಿಗಳಲ್ಲಿ ಒಂದೇ ಗ್ವಾಡಿಗೆ ಎರಡು ಮನೆ. ಸಣ್ಣ ದನಿ ಗ್ವಾಡಿಗೆ ತಡೆಯುತ್ತದೆ, ಬೇಸ್ ತಡೆಯುವುದಿಲ್ಲ. ಆಚೆ ಬಾಣಂತಿ ಇರುತ್ತಾಳೆ, ಪರೀಕ್ಷೆಗೆ ಓದುವ ಹುಡುಗಿ ಇರುತ್ತಾಳೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂದು ಮಿತಿ ಹಾಕಲಾಗಿದೆ. ಕಾಯದೆ ಅತ್ತ ಇರಲಿ, ಮಗ್ಗುಲ ಮನಿಯ ಅಜ್ಜ ಬೆಳಿಗ್ಗೆ ಕಟ್ಟೀ ಮ್ಯಾಲೆ ಕುಂತು, "ಯಾಕೋ ತಮ್ಮಾ, ರಾತ್ರಿ ಎದೀನ ಬಡದಂಗಾತಲ್ಲೋ" ಅಂದರೆ ಏನು ಹೇಳುತ್ತೀರಿ?

ಗ್ವಾಡಿ ನಡುಗಿಸುವ ಡಬ್ಬಿ ಬೇಡ. ಡಗ್ಗಾ ಕೇಳಿಸುವ ಡಬ್ಬಿ ತರ್ರಿ.