ಅಜ್ಜಿಯ ನಗು ಮತ್ತು ಒಣಗಿದ ಪೇಸ್ಟ್

ಎಂಟು ನಿಮಿಷ. ನಮ್ಮನೆಯ ಪ್ಲೇಸ್ಟೇಷನ್ 3 ಓಡ್ತಿದ್ದದ್ದು ಅಷ್ಟೇ ಹೊತ್ತು. ಆಮೇಲೆ ಫ್ಯಾನು ಅಡಿಕೆ ಸುಲಿಯೋ ಮಷಿನ್ನಿನ ಹಾಗೆ ಕಿರುಚಿಕೊಂಡು, ಬೀಪ್ ಅಂದು, ಕೆಂಪು ದೀಪ ಮಿನುಗಿಸ್ತಾ ತಾನಾಗೇ ಆಫ್.

ಬರೀ ಗೇಮ್ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ತಿರಲಿಲ್ಲ. ಅದರೊಳಗೆ ಅಕ್ಕನ ಮದುವೆಯ ಫೋಟೋಗಳಿದ್ದವು. 2010ರಲ್ಲಿ ಅಣ್ಣ ತನ್ನ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಟಿವಿಯಲ್ಲಿ ಎಲ್ಲರಿಗೂ ತೋರಿಸೋಣ ಅಂತ ಕನ್ಸೋಲಿಗೆ ಕಾಪಿ ಮಾಡಿ, ಕಾರ್ಡು ಖಾಲಿ ಮಾಡಿಬಿಟ್ಟಿದ್ದ. ಸ್ಟುಡಿಯೋದವರ ಆಲ್ಬಮ್ಮಿನಲ್ಲಿ ಅಜ್ಜಿ ಉಸಿರು ಬಿಗಿಹಿಡಿದು ಕೂತಿದ್ದಾಳೆ. ಅಣ್ಣ ತೆಗೆದ ಒಂದರಲ್ಲಿ ಮಾತ್ರ ಅಡುಗೆ ಭಟ್ಟರ ಹತ್ತಿರ ಏನೋ ತಕರಾರು ತೆಗೆದು ಬಾಯ್ತುಂಬ ನಗ್ತಿದ್ದಾಳೆ. ಅಜ್ಜಿ ಈಗಿಲ್ಲ.

"ಹಾರ್ಡ್ ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕು ಮಾರಾಯ್ತಿ, ಎಂತ ದೊಡ್ಡ ವಿಷಯ" ಅಂದ ಅಣ್ಣ, ಫೋನಲ್ಲಿ.

ಆಗೋದಿಲ್ಲ. ಈ ಮಾಡೆಲ್ಲಿನ ಡಿಸ್ಕ್ ಬಿಚ್ಚೋದು ಸುಲಭ, ಓದೋದು ಅಲ್ಲ. ಅದರಲ್ಲಿರೋ ಎಲ್ಲವೂ ಆಯಾ ಕನ್ಸೋಲಿನ ಮದರ್‌ಬೋರ್ಡಿಗೇ ಸೇರಿದ ಬೀಗದಲ್ಲಿರುತ್ತೆ. ಬೇರೆ ಪ್ಲೇಸ್ಟೇಷನ್ 3 ತಂದು ಹಾಕಿದರೆ ಅದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಅನ್ನುತ್ತೆ. ಬೋರ್ಡ್ ಸತ್ತರೆ ಫೋಟೋನೂ ಸತ್ತ ಹಾಗೆ. ಪೆನ್‌ಡ್ರೈವಿಗೆ ಕಾಪಿ ಮಾಡಬಹುದು, ಆದರೆ ಅದಕ್ಕೆ ಯಂತ್ರ ಓಡ್ತಾ ಇರಬೇಕಲ್ಲ!

ಪ್ಲೇಸ್ಟೇಷನ್ 3 ಜಪಾನಿನಲ್ಲಿ ಬಿಡುಗಡೆಯಾದದ್ದು 2006ರಲ್ಲಿ, ಭಾರತಕ್ಕೆ ಬಂದದ್ದು 2007ರಲ್ಲಿ. ಇದನ್ನ ವಿಂಟೇಜ್ ಅಂದರೆ ನಮ್ಮ ವಯಸ್ಸಿನವರಿಗೆ ಸಿಟ್ಟು ಬರುತ್ತೆ, ಗೊತ್ತು. ಏನ್ಮಾಡೋದು. ಆ ತಲೆಮಾರಿನ ಕನ್ಸೋಲುಗಳಿಗೆಲ್ಲ ಬಿಸಿಯೇ ಶತ್ರು. ಎಕ್ಸ್‌ಬಾಕ್ಸ್ 360ಯ ಕೆಂಪು ಉಂಗುರದ ಕಾಟ ಎಷ್ಟಾಗಿತ್ತೆಂದರೆ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದರ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯ್ತು.

ನಮ್ಮ ಮನೆ ಹರಿಹರಪುರ ದಾಟಿ, ಕೊಪ್ಪ–ಶೃಂಗೇರಿ ರಸ್ತೆಯಿಂದ ಸ್ವಲ್ಪ ಒಳಗೆ. ಮೊದಲು ಒಂದು ರಿಪೇರಿ ಅಂಗಡಿಗೆ ಒಯ್ದೆ. ಎಲ್ಲಿ ಅಂತ ಕೇಳಬೇಡಿ. "ಬೋರ್ಡಿಗೆ ಹಾಟ್ ಏರ್ ಹೊಡೆದು ಕೊಡ್ತೆ, ಸರಿಯಾಗ್ತದೆ" ಅಂದರು. ಎತ್ತಿಕೊಂಡು ವಾಪಸ್ ಬಂದೆ. ಹಾಗೆ ಕಾಯಿಸಿದರೆ ಕೆಲವು ಯಂತ್ರ ಎದ್ದು ಕೂರೋದು ಹೌದು, ಆದರೆ ಕೆಲವು ದಿನಕ್ಕೆ ಮಾತ್ರ. ಆಮೇಲೆ ಪೂರ್ತಿ ಮಲಗುತ್ತವೆ. ಹಳದಿ ದೀಪ ಒಮ್ಮೆ ಮಿನುಗಿ ಆಮೇಲೆ ಕೆಂಪಾಗೋದು ಬೋರ್ಡಿನ ಕಾಯಿಲೆ. ನಮ್ಮದಕ್ಕೆ ಅದಿರಲಿಲ್ಲ, ಬರೀ ಜ್ವರ.

ಜ್ವರಕ್ಕೆ ಕಾರಣ ಥರ್ಮಲ್ ಪೇಸ್ಟ್. ಚಿಪ್ಪಿನ ಲೋಹದ ಮುಚ್ಚಳವೂ ಅದರ ಮೇಲೆ ಕೂರುವ ಹೀಟ್ ಸಿಂಕೂ ನೋಡಲು ನುಣ್ಣಗಿದ್ದರೂ ನಿಜಕ್ಕೂ ಚಪ್ಪಟೆಯಲ್ಲ. ತಳ ಡೊಂಕಾದ ದೋಸೆ ಕಾವಲಿಯನ್ನ ಚಪ್ಪಟೆ ಕರೆಂಟ್ ಒಲೆ ಮೇಲೆ ಇಟ್ಟ ಹಾಗೆ, ಮುಟ್ಟಿದಲ್ಲಿ ಬಿಸಿ, ಉಳಿದ ಕಡೆ ಗಾಳಿ. ಗಾಳಿ ಶಾಖವನ್ನು ದಾಟಿಸೋದರಲ್ಲಿ ಮಹಾ ಸೋಮಾರಿ, ಸಾದಾ ಪೇಸ್ಟೂ ಅದಕ್ಕಿಂತ ಎಷ್ಟೋ ಪಟ್ಟು ಮೇಲು. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಪೇಸ್ಟಿನ ಎಣ್ಣೆಯಂಶ ಹೋಗಿ ಪುಡಿ ಉಳಿಯುತ್ತೆ. ಸಂದಿಗೆ ಮತ್ತೆ ಗಾಳಿ ಬರುತ್ತೆ.

ಸಾಮಾನು ಹೊಂದಿಸೋದೇ ಒಂದು ಯಾತ್ರೆ. ಪೇಸ್ಟ್ ಆನ್‌ಲೈನಿನಲ್ಲಿ, ಕೆಲವೇ ನೂರು ರೂಪಾಯಿ. ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಕೊಪ್ಪದಲ್ಲಿ ಸಿಕ್ಕಿತು. ಕಷ್ಟವಾದದ್ದು ಸ್ಕ್ರೂಡ್ರೈವರ್. ಪಕ್ಕದ ಸ್ಟಿಕ್ಕರಿನಡಿ ನಡುವೆ ಮೊಳೆಯಿರುವ ನಕ್ಷತ್ರದ ಸ್ಕ್ರೂ ಇದೆ, ಅದಕ್ಕೆ ತುದಿಯಲ್ಲಿ ತೂತಿರುವ ಟಿ10 ಬೇಕು. ಮಾಮೂಲಿ ಟಿ10 ಕೂರೋದಿಲ್ಲ. ಕೊನೆಗೆ ಶೃಂಗೇರಿಯ ಬೈಕ್ ಮೆಕ್ಯಾನಿಕ್ ಒಬ್ಬರು ಒಂದು ದಿನಕ್ಕೆ ಅಂತ ಕೊಟ್ಟರು.

ಬಿಚ್ಚೋ ಮುಂಚೆ ಐದು ನಿಮಿಷ ಆನ್ ಮಾಡಿಟ್ಟೆ. ಗಟ್ಟಿಯಾದ ಪೇಸ್ಟ್ ಸ್ವಲ್ಪ ಸಡಿಲವಾಗಲಿ ಅಂತ. ಆಮೇಲೆ ಪ್ಲಗ್ ಕಿತ್ತು, ಒಳಗಿನ ಪವರ್ ಸಪ್ಲೈಯಲ್ಲಿ ಕರೆಂಟ್ ಉಳಿಯದ ಹಾಗೆ ಸಾಕಷ್ಟು ಹೊತ್ತು ಕಾದೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ, ಸ್ಕ್ರೂಗಳು ಬೇರೆ ಬೇರೆ ಲೋಟದಲ್ಲಿ. ಬ್ಲೂ-ರೇ ಡ್ರೈವಿನ ಪಟ್ಟಿ ಕೇಬಲ್ಲು ಹಪ್ಪಳಕ್ಕಿಂತ ಸೂಕ್ಷ್ಮ. ಆ ಡ್ರೈವಿನ ಸರ್ಕ್ಯೂಟ್ ಬೋರ್ಡೂ ಇದೇ ಮದರ್‌ಬೋರ್ಡಿಗೆ ಜೋಡಿ, ಹಾಳಾದರೆ ಇನ್ನೊಂದರದ್ದು ತಂದು ಹಾಕುವ ಹಾಗಿಲ್ಲ.

ಒಳಗೆ ನೋಡಿದರೆ ಮಲೆನಾಡೇ ಇತ್ತು. ಒಲೆ ಹೊಗೆಯ ಜಿಡ್ಡಿಗೆ ಧೂಳು ಅಂಟಿ ಫ್ಯಾನಿನ ರೆಕ್ಕೆ ಮೇಲೆ ಕಂಬಳಿಯಾಗಿತ್ತು. ಹಿಂದಿನ ಕಿಂಡಿಗಳಲ್ಲಿ ಕುಂಬಾರ ಹುಳ ಮೂರು ಮಣ್ಣಿನ ಗೂಡು ಕಟ್ಟಿ ಬಾಗಿಲು ಮುಚ್ಚಿತ್ತು! ಬಿಸಿಗಾಳಿ ಹೋಗೋದಾದರೂ ಎಲ್ಲಿಂದ? ಪೇಸ್ಟಿಗಿಂತ ಇದೇ ದೊಡ್ಡ ಪಾಪಿ ಇರಬಹುದು ಅಂತ ಈಗಲೂ ನನಗೆ ಅನುಮಾನ.

ಹೀಟ್ ಸಿಂಕನ್ನು ಮೇಲಕ್ಕೆ ಎಳೆಯದೆ, ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿದೆ. ಎರಡು ಚಿಪ್ಪಿನ ಮೇಲೂ ಪೇಸ್ಟ್ ಗೋಡೆ ಸುಣ್ಣದ ಹಾಗೆ ಉದುರಿತು. ಆಲ್ಕೋಹಾಲಿನಲ್ಲಿ ಒರೆಸಿ, ಒಂದೊಂದರ ಮೇಲೂ ತೆಳ್ಳಗೆ ಹೊಸದನ್ನು ಹಚ್ಚಿದೆ. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನೋದು ತುಪ್ಪಕ್ಕೆ ಸರಿ, ಇದಕ್ಕಲ್ಲ. ಸಂದಿ ತುಂಬಿದರೆ ಸಾಕು.

ಮುಚ್ಚಳದ ಒಳಗೆ, ಚಿಪ್ಪಿನ ಮೈಮೇಲೇ ಇನ್ನೊಂದು ಪದರ ಪೇಸ್ಟ್ ಇದೆ. ಪೂರ್ತಿ ಗುಣ ಬೇಕಾದರೆ ಅದನ್ನೂ ಬದಲಾಯಿಸಬೇಕು. ಬ್ಲೇಡ್ ಹಾಕಿ ಮುಚ್ಚಳ ಎಬ್ಬಿಸುವಾಗ ಕೈ ಜಾರಿದರೆ ಬೋರ್ಡ್ ಹೋಯ್ತು. ನನಗೆ ಬೇಕಿದ್ದದ್ದು ಹತ್ತು ವರ್ಷದ ಆಯುಷ್ಯ ಅಲ್ಲ, ಒಂದು ಗಂಟೆ. ಮುಟ್ಟಲಿಲ್ಲ.

ಒರೆಸಿದ ಪಸೆ ಆರಲಿ ಅಂತ ಒಂದು ರಾತ್ರಿ ಬಿಟ್ಟೆ. ಅಟ್ಟದ ಮೇಲೆ ಅಡಿಕೆ ಪಕ್ಕ ಇಡು, ಬೆಚ್ಚಗಿರ್ತದೆ ಅಂತ ಅಮ್ಮ ಹೇಳಿದ್ದನ್ನ ಕೇಳಲಿಲ್ಲ.

ಬೆಳಿಗ್ಗೆ ಆನ್ ಮಾಡಿದೆ. ಎಂಟು ನಿಮಿಷ ಆಯ್ತು. ಹನ್ನೆರಡು. ಇಪ್ಪತ್ತು. ಫ್ಯಾನಿನ ಸದ್ದು ಕೇಳೋಕೆ ಕಿವಿ ಹತ್ತಿರ ಒಯ್ಯಬೇಕಾಯ್ತು. ತಡಮಾಡದೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಚುಚ್ಚಿ, ಫೋಟೋ ಪಟ್ಟಿಯಲ್ಲಿ ತ್ರಿಕೋನದ ಬಟನ್ ಒತ್ತಿ, ಎಲ್ಲವನ್ನೂ ಕಾಪಿಗೆ ಹಾಕಿದೆ. ಅರ್ಧದಲ್ಲಿ ಕರೆಂಟ್ ಹೋಗ್ಬೇಕಾ! ನಮ್ಮ ಕಡೆಯ ಮೇ ತಿಂಗಳ ಗಾಳಿಮಳೆ ಗೊತ್ತಲ್ಲ. ಬಂದ ಮೇಲೆ ಮೊದಲಿಂದ ಶುರು. ಕೊನೆಗೆ 286 ಫೋಟೋಗಳು ಬಂದವು.

ಪೆನ್‌ಡ್ರೈವ್ ಹಿಡಿದು ಮರುದಿನವೇ ನರಸಿಂಹರಾಜಪುರಕ್ಕೆ, ಅಕ್ಕನ ಮನೆಗೆ ಹೋದೆ. ಟಿವಿ ತುಂಬ ಅಜ್ಜಿ ನಗುವಾಗ ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಡುಗೆ ಭಟ್ಟರಿಗೆ ಎಂತ ಹೇಳ್ತಿದ್ದಳು, ನೆನಪುಂಟಾ?" ಯಾರಿಗೂ ನೆನಪಿರಲಿಲ್ಲ.

ಅಕ್ಕನ ಮಗ ಕನ್ಸೋಲು ತನಗೆ ಬೇಕು ಅಂತ ಹಟ ಹಿಡಿದ. ಕೊಟ್ಟಿದ್ದೇನೆ. ದಿನಕ್ಕೆ ಅರ್ಧ ಗಂಟೆ, ಹಿಂದೆ ಒಂದು ಗೇಣು ಜಾಗ, ಆಫ್ ಮಾಡಿ ಆರಿದ ಮೇಲೆ ಬಟ್ಟೆ ಮುಚ್ಚಬೇಕು. ಭದ್ರಾ ಹಿನ್ನೀರಿನ ಕಡೆಗೂ ಕುಂಬಾರ ಹುಳ ಕಮ್ಮಿಯೇನಿಲ್ಲ.