ಮಾತ್ರೆ ಮುಗಿಯುವ ಮುನ್ನ

ಮೊಳಕಾಲ್ಮುರು ತಾಲ್ಲೂಕಿನ ಹಳ್ಳಿಗಳಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಮನಸ್ಸಿನ ಕಾಯಿಲೆಯವರನ್ನು ಕರೆದುಕೊಂಡು ಎತ್ತ ಹೊರಟರೂ ಒಂದು ದಿನದ ಕೂಲಿ ಹೋಗುತ್ತದೆ. ಸುರಕ್ಷತೆ ಎಂದಾಕ್ಷಣ ನಮಗೆ ನೆನಪಾಗುವುದು ವಾರ್ಡಿನ ಬೀಗ, ಕಿಟಕಿಯ ಸರಳು. ಮನೆಯವರ ಚಿಂತೆಯೇ ಬೇರೆ: ಮುಂದಿನ ತಿಂಗಳೂ ಈ ಮಾತ್ರೆ ಸಿಗುತ್ತದೆಯೇ?

ಸಿಗದಿದ್ದರೆ ಕಾಯಿಲೆ ಮರುಕಳಿಸುತ್ತದೆ. ನಿದ್ದೆ ಕೆಡುತ್ತದೆ, ಅನುಮಾನ ಹೆಚ್ಚುತ್ತದೆ, ಕೊನೆಗೆ ಹೆತ್ತವರೇ ಮಗನ ಕೈ ಕಟ್ಟುವ ಹಂತಕ್ಕೆ ಬರುತ್ತಾರೆ. ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಯ ಕೇಂದ್ರದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಮಾತ್ರೆ ಸಿಕ್ಕರಷ್ಟೇ ಸಾಲದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಅನ್ನೇ ನೋಡಿ. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಉದ್ಯೋಗ ಖಾತ್ರಿಯ ಮಣ್ಣು ಹೊತ್ತು, ಬೆವರಿ, ಸಾಕಷ್ಟು ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಂಡ ಡೈಕ್ಲೊಫೆನಾಕ್ ಕೂಡ ಅದನ್ನು ಏರಿಸಬಲ್ಲದು. ಕೈ ನಡುಗುತ್ತದೆ, ವಾಂತಿಯಾಗುತ್ತದೆ, ಮಾತು ತೊದಲುತ್ತದೆ, ಕಾಲು ತೂರಾಡುತ್ತದೆ. ಕಂಡವರು ಕುಡಿದಿದ್ದಾನೆ ಎನ್ನುತ್ತಾರೆ. ಆ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದು ಮಾತ್ರೆ ಕೊಡುವಾಗಲೇ ಕನ್ನಡದಲ್ಲಿ, ಆಂಧ್ರದ ಗಡಿಯ ಊರಿನವರಿಗೆ ತೆಲುಗಿನಲ್ಲಿ, ಬಿಡಿಸಿ ಹೇಳಲೇಬೇಕು.

ರೋಗಿಯ ಭಯವೂ ಮನೆಯವರ ಭಯವೂ ಒಂದೇ ಅಲ್ಲ. ಮಾತ್ರೆ ನುಂಗದ ಮಗಳಿಗೆ ತಾಯಿ ಅದನ್ನು ಪುಡಿ ಮಾಡಿ ಸಾರಿಗೆ ಬೆರೆಸುತ್ತಾಳೆ. ತಾಯಿಗೆ ಅದು ಕಾಳಜಿ. ಗೊತ್ತಾದ ದಿನದಿಂದ ಮಗಳು ಆ ಮನೆಯ ಊಟವನ್ನೇ ನಂಬುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಇದು ಹೊರಬರುವುದು ಕಷ್ಟ.

ದಾರಿ ಇಲ್ಲದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗ, 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರ ಮನೋಚೈತನ್ಯ ಯೋಜನೆ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತರಲು ಹೊರಟಿತು. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಸೇವೆಯ ಲೋಪದ ಬಗ್ಗೆ ರೋಗಿ ಅಥವಾ ಆತ ಹೆಸರಿಸಿದ ಪ್ರತಿನಿಧಿ ದೂರು ಕೊಡಬಹುದೆಂದು 2017ರ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಮಂಗಳವಾರ ಸಾಲಿನಲ್ಲಿ ನಿಂತವರಿಗೆ ಕಾಣುವಂತೆ ಈ ಹಕ್ಕನ್ನು ಗೋಡೆಯ ಮೇಲೆ ಬರೆಸಲು, ಹೋದ ತಿಂಗಳು ಏನು ತೊಂದರೆಯಾಯಿತೆಂದು ರೋಗಿಯನ್ನೂ ಜೊತೆಗೆ ಬಂದವರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಲು ಹೊಸ ಕಟ್ಟಡವೇನೂ ಬೇಕಿಲ್ಲ.